ಲೆಕ್ಕದ ಪುಸ್ತಕ ಪರರ ಮನೆಯಲ್ಲಿ: ಕ್ಲೌಡ್ ತಂತ್ರಾಂಶದ ಸಾಧಕ-ಬಾಧಕ

ವ್ಯಾಪಾರಿಯ ಕಿರ್ದಿ-ಖಾತೆ ಪುಸ್ತಕಗಳು ಅವನ ಗಾದಿಯ ಪಕ್ಕದಲ್ಲಿಯೇ ಇರಬೇಕೆಂಬುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಗಣಕಯಂತ್ರ ಬಂದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ಪುಸ್ತಕದ ಸ್ಥಾನಕ್ಕೆ ಹಾರ್ಡ್ ಡಿಸ್ಕ್ ಬಂದಿತೇ ಹೊರತು ಅದು ಇದ್ದುದು ಅದೇ ಮೇಜಿನ ಕೆಳಗೆ. ಈಗ ಲೆಕ್ಕಪತ್ರವು ಅಂಗಡಿಯ ಬಾಗಿಲು ದಾಟಿ, ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇರುವ, ನಾವೆಂದೂ ಕಾಣದ ಸರ್ವರಿನಲ್ಲಿ ನೆಲೆಸತೊಡಗಿದೆ. ಮಾಸಿಕ ಅಥವಾ ವಾರ್ಷಿಕ ಚಂದಾ ತೆತ್ತು ಅಂತರ್ಜಾಲದ ಮೂಲಕ ಬಳಸುವ ಈ ಕ್ಲೌಡ್ ತಂತ್ರಾಂಶಗಳನ್ನು ಕೊಳ್ಳಬೇಕೇ ಬೇಡವೇ ಎಂದು ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ವಿಚಾರಿಸುತ್ತಿದ್ದಾರೆ. ಕೊಳ್ಳಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೆ ನಮ್ಮವರು ಸಾಮಾನ್ಯವಾಗಿ ಅಂಜುವ ಅಪಾಯ ಒಂದು, ನಿಜವಾಗಿ ಎಚ್ಚರ ವಹಿಸಬೇಕಾದ ಅಪಾಯ ಇನ್ನೊಂದು.

ಅಂಜಿಕೆಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. "ನಮ್ಮ ಲೆಕ್ಕ ಹೊರಗಿನವರ ಕೈಗೆ ಸಿಗುತ್ತದೆ" ಎಂಬುದು ಎಲ್ಲೆಡೆ ಕೇಳಿಬರುವ ಆಕ್ಷೇಪ. ಇಲ್ಲಿ 'ಹೊರಗಿನವರು' ಎಂದರೆ ಬಹುಪಾಲು ತೆರಿಗೆ ಇಲಾಖೆಯೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುವುದು ಒಳ್ಳೆಯದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಂದಿನಿಂದ ನಮ್ಮ ಮಾರಾಟದ ವಿವರಗಳು ಸರ್ಕಾರದ ಜಾಲತಾಣವನ್ನು ಸೇರುತ್ತಲೇ ಇವೆ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. 2025ರ ಜುಲೈನಲ್ಲಿ ಯುಪಿಐ ಪಾವತಿಯ ಮಾಹಿತಿಯನ್ನು ಆಧರಿಸಿ ನಮ್ಮ ರಾಜ್ಯದ ಸಣ್ಣ ವರ್ತಕರಿಗೆ ನೋಟಿಸುಗಳು ಬಂದಾಗ ಇಲಾಖೆ ಯಾರ ಕ್ಲೌಡ್ ಲೆಕ್ಕವನ್ನೂ ತೆರೆದು ನೋಡಬೇಕಾಗಿರಲಿಲ್ಲ. ಮೇಜಿನ ಕೆಳಗಿನ ಗಣಕ ಕಾಪಾಡುತ್ತದೆ ಎಂದು ನಾವು ನಂಬಿರುವ ಗುಟ್ಟು ಗುಟ್ಟಾಗಿ ಉಳಿದೇ ಇಲ್ಲ. ಇನ್ನು ಪ್ರತಿಸ್ಪರ್ಧಿಗಳ ವಿಷಯ. ದರಪಟ್ಟಿ ಹಾಗೂ ಗಿರಾಕಿಗಳ ಯಾದಿ ಸೋರುವುದು ಸಾಮಾನ್ಯವಾಗಿ ಕೆಲಸ ಬಿಟ್ಟುಹೋದ ಮಾರಾಟ ಪ್ರತಿನಿಧಿಯ ಮೊಬೈಲಿನಿಂದ. ಅವನ ಪ್ರವೇಶವನ್ನು ಅದೇ ದಿನ ರದ್ದುಪಡಿಸುವ ಅನುಕೂಲ ಕ್ಲೌಡಿನಲ್ಲಿ ಉಂಟು. ಪೆನ್ ಡ್ರೈವಿನಲ್ಲಿ ಇಲ್ಲ.

ಲಾಭಗಳ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಗೆ ನೀರು ನುಗ್ಗಿತು. ಅಂಥ ಸಂದರ್ಭದಲ್ಲಿ ಸರಕಿಗೆ ವಿಮೆ ದೊರೆಯಬಹುದು. ನೀರು ಕುಡಿದ ಡಿಸ್ಕಿನಲ್ಲಿದ್ದ ಬಾಕಿ ವಸೂಲಿಯ ಲೆಕ್ಕಕ್ಕೆ ಯಾವ ವಿಮೆ? ವೋಲ್ಟೇಜಿನ ಏರಿಳಿತ, ವೈರಸ್, ಬ್ಯಾಕಪ್ ತೆಗೆಯಲು ಮರೆತ ಗುಮಾಸ್ತ, ಇವುಗಳಿಂದ ಕಳೆದುಹೋಗುವ ಲೆಕ್ಕ ಪ್ರವಾಹದಿಂದ ಹೋಗುವುದಕ್ಕಿಂತ ಹೆಚ್ಚೇ ಇರಬೇಕು. ಎರಡನೆಯದಾಗಿ, ಎಪಿಎಂಸಿ ಪ್ರಾಂಗಣದಲ್ಲಿ ಗೋದಾಮು, ಕೈಗಾರಿಕಾ ವಸಾಹತಿನಲ್ಲಿ ಘಟಕ, ಪೇಟೆಯಲ್ಲಿ ಮಳಿಗೆ ಇರುವವರಿಗೆ ದಾಸ್ತಾನು ಒಂದೇ ಕಡೆ ಕಾಣುವುದು ಸಣ್ಣ ಸೌಲಭ್ಯವಲ್ಲ. ತೆರಿಗೆ ನಮೂನೆಗಳು ಬದಲಾದಾಗ ಹೊಸ ಆವೃತ್ತಿಗಾಗಿ ಡೀಲರನ ದಾರಿ ಕಾಯಬೇಕಿಲ್ಲ. ಆದರೆ ಯಾವ ಸರಕಿಗೆ ಯಾವ ದರ ಎಂದು ನಮೂದಿಸುವ ಕೆಲಸ ನಮ್ಮದೇ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗಲೂ ಈ ಹೊಣೆಯನ್ನು ತಂತ್ರಾಂಶವು ನಮ್ಮ ಹೆಗಲಿನಿಂದ ಇಳಿಸಲಿಲ್ಲ.

ಅಂತರ್ಜಾಲ ಸಂಪರ್ಕ ಕಡಿದುಹೋದರೆ ಬಿಲ್ಲು ನಿಂತುಹೋಗುತ್ತದೆ ಎಂಬ ದೂರು ನಿಜ. ಆದರೆ ರಾಜ್ಯದೊಳಗಿನ ಸಾಗಾಣಿಕೆಗೂ 2018ರ ಏಪ್ರಿಲ್ 1ರಿಂದಲೇ ಇ-ವೇ ಬಿಲ್ ಜಾರಿಗೊಳಿಸಿದ ನಾಡು ನಮ್ಮದು. ಸಂಪರ್ಕವಿಲ್ಲದಿದ್ದರೆ 50,000 ರೂಪಾಯಿ ಮೀರಿದ ಸರಕಿನ ಲಾರಿ ಹೇಗೂ ಗೇಟು ದಾಟುವಂತಿಲ್ಲ. ಎರಡು ಬೇರೆ ಬೇರೆ ಕಂಪನಿಗಳ ಸಂಪರ್ಕ ಇಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ.

ವೆಚ್ಚವನ್ನು ತಿಂಗಳ ಲೆಕ್ಕದಲ್ಲಿ ನೋಡಬಾರದು. ಉದಾಹರಣೆಗೆ ಒಬ್ಬ ಬಳಕೆದಾರನಿಗೆ ತಿಂಗಳಿಗೆ 800 ರೂಪಾಯಿ ಎಂದಿಟ್ಟುಕೊಂಡರೆ, ಐವರಿಗೆ ಐದು ವರ್ಷಗಳಲ್ಲಿ 2,40,000 ರೂಪಾಯಿ ಆಗುತ್ತದೆ. ಇದರ ಮೇಲೆ ಶೇ. 18ರಂತೆ 43,200 ರೂಪಾಯಿ ಜಿಎಸ್‌ಟಿ. ಸಾಮಾನ್ಯ ನೋಂದಣಿಯವರಿಗೆ ಈ ತೆರಿಗೆಯ ಹೂಡುವಳಿ ಜಮೆ ದೊರೆಯುತ್ತದೆ. ಕಾಂಪೊಸಿಷನ್ ಯೋಜನೆಯ ವರ್ತಕರಿಗೆ ದೊರೆಯುವುದಿಲ್ಲ. ಮೊದಲ ವರ್ಷದ ರಿಯಾಯಿತಿಗೆ ಮಾರುಹೋಗದೆ ಮೂರನೆಯ ವರ್ಷದ ದರವೇನು ಎಂದು ಕೇಳಬೇಕು.

ಇನ್ನು ನಿಜವಾದ ಅಪಾಯಕ್ಕೆ ಬರೋಣ. ಲೆಕ್ಕ ಕಳವಾಗುವುದಕ್ಕಿಂತ, ನಮ್ಮ ಲೆಕ್ಕವೇ ನಮಗೆ ಬೇಕಾದ ಹೊತ್ತಿನಲ್ಲಿ ಸಿಗದೇ ಹೋಗುವುದು ಹೆಚ್ಚು ಗಂಡಾಂತರಕಾರಿ. ಈಚಿನ ವರ್ಷಗಳ ಮೂರು ಪ್ರಸಂಗಗಳು ಗಮನಾರ್ಹವಾಗಿವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಬ್ಯಾಕಪ್ಪಿನ ಪ್ರತಿಯೂ ಅದೇ ಆವರಣದಲ್ಲಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು. 2024ರ ಜುಲೈ ಅಂತ್ಯದಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ನೀಡುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿದಾಗ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಅಡಚಣೆಯಾಯಿತು. ಒಂದು ಕಂಬಕ್ಕೆ ಇಷ್ಟು ಮನೆಗಳ ತೊಲೆ ಆತುಕೊಂಡಿವೆ ಎಂಬುದು ಆ ಬ್ಯಾಂಕುಗಳ ಗ್ರಾಹಕರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಮೂರನೆಯದು ಇನ್ನೂ ಯೋಚನೆಗೆ ಹಚ್ಚುವಂಥದು. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧಗಳ ಹಿನ್ನೆಲೆಯಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣ ನಡೆಸುವ ನಯಾರಾ ಎನರ್ಜಿಗೆ ನೀಡುತ್ತಿದ್ದ ಇ-ಮೇಲ್ ಮುಂತಾದ ಸೇವೆಗಳನ್ನು ಸ್ಥಗಿತಗೊಳಿಸಿತು. ಶುಲ್ಕ ಪೂರ್ಣವಾಗಿ ಪಾವತಿಯಾಗಿದೆ, ಮಾಹಿತಿ ನಮ್ಮದೇ ಎಂದು ನಯಾರಾ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ನಮ್ಮ ಎಣ್ಣೆ ಗಾಣಕ್ಕೋ ಫೌಂಡ್ರಿಗೋ ಯಾವ ಪರದೇಶವೂ ನಿರ್ಬಂಧ ಹೇರಲಾರದು, ಸರಿ. ಆದರೆ ಬಾಡಿಗೆ ಮನೆಯ ಬೀಗದ ಕೈ ಯಾರಲ್ಲಿರುತ್ತದೆ ಎಂಬುದನ್ನು ಈ ಪ್ರಕರಣ ತೋರಿಸಿತು. ತಿಂಗಳೊಪ್ಪತ್ತಿನಲ್ಲಿ ದೆಹಲಿಗೆ ಓಡಿ ವಕೀಲರನ್ನು ಹಿಡಿಯುವ ಶಕ್ತಿ ಆ ಕಂಪನಿಗಿತ್ತು; ನಮಗಿದೆಯೇ?

ಇತ್ತ ಕಾನೂನು ಮಾತ್ರ ಹೊಣೆಯನ್ನು ನಮ್ಮಿಂದ ಕಿಂಚಿತ್ತೂ ಕದಲಿಸುವುದಿಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕಡೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. 2024-25ರ ಲೆಕ್ಕ 2031ರ ಡಿಸೆಂಬರ್ 31ರವರೆಗೆ ಇರಬೇಕಾಯಿತು. ನಡುವೆ ಚಂದಾ ನಿಲ್ಲಿಸಿದರೆ ಹಳೆಯ ಲೆಕ್ಕ ತೆರೆಯುವುದೇ? ಅಧಿಕಾರಿಗಳು ಕೇಳಿದಾಗ "ಕಂಪನಿಯವರು ಬೀಗ ಹಾಕಿದ್ದಾರೆ" ಎಂಬ ಉತ್ತರ ನಡೆಯದು. ಖಾಸಗಿ ನಿಯಮಿತ ಕಂಪನಿಗಳಿಗೆ ಈ ಅವಧಿ 8 ಆರ್ಥಿಕ ವರ್ಷಗಳು. ಜೊತೆಗೆ 2022ರ ಆಗಸ್ಟ್‌ನ ತಿದ್ದುಪಡಿಯಂತೆ ವಿದ್ಯುನ್ಮಾನ ಲೆಕ್ಕದ ಬ್ಯಾಕಪ್ ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇರಬೇಕು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ತಂತ್ರಾಂಶ ದಾಖಲಿಸಬೇಕು. ಸ್ವಂತ ಮಾಲೀಕತ್ವದ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಕಂಪನಿ ಕಾನೂನಿನ ಈ ಕಟ್ಟಳೆಗಳು ಅನ್ವಯಿಸುವುದಿಲ್ಲ. ಆದರೆ ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿಯನ್ನು ನಿರ್ವಹಿಸುವವರು ಬೇರೆಯವರಾದರೂ ಅದನ್ನು ಪಡೆದವನೇ ಹೊಣೆ ಎನ್ನುತ್ತದೆ.

ನಮ್ಮ ಊರುಗಳಲ್ಲಿ ಕ್ಲೌಡ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವುದೆಲ್ಲವೂ ಒಂದೇ ವಸ್ತುವಲ್ಲ. ತಂತ್ರಾಂಶ ಕಂಪನಿಯೇ ನಡೆಸುವ ಸೇವೆ ಒಂದು ಬಗೆ. ಸ್ಥಳೀಯ ಮಧ್ಯವರ್ತಿಯೊಬ್ಬ ಎಲ್ಲೋ ಒಂದು ಸರ್ವರ್ ಬಾಡಿಗೆಗೆ ಪಡೆದು, ಅದರಲ್ಲಿ ಹಳೆಯ ಲೆಕ್ಕದ ತಂತ್ರಾಂಶವನ್ನೇ ಹಾಕಿ, ಹತ್ತಾರು ವ್ಯಾಪಾರಿಗಳಿಗೆ ಹಂಚುವುದು ಇನ್ನೊಂದು. ಆ ಮಧ್ಯವರ್ತಿ ಬಾಡಿಗೆ ಕಟ್ಟದಿದ್ದರೆ ನಮ್ಮ ಲೆಕ್ಕದ ಗತಿ ಏನು? ತಂತ್ರಾಂಶದ ಪರವಾನಗಿ ಯಾರ ಹೆಸರಿನಲ್ಲಿದೆ? ಇನ್ನು ಲೆಕ್ಕದ ಕಡತವನ್ನು ಉಚಿತ ಡ್ರೈವ್ ಸೇವೆಯೊಂದರಲ್ಲಿಟ್ಟು ಇಬ್ಬರು ಏಕಕಾಲಕ್ಕೆ ತೆರೆಯುವುದು ಕ್ಲೌಡೇ ಅಲ್ಲ. ಕಡತ ಕೆಡಿಸಿಕೊಳ್ಳುವ ಹತ್ತಿರದ ದಾರಿ ಅದು.

ಬಹಳ ಕಡೆ ಕಾಣುವ ಮತ್ತೊಂದು ಲೋಪವೆಂದರೆ ಖಾತೆಯನ್ನು ಡೀಲರನ ಅಥವಾ ಅರೆಕಾಲಿಕ ಲೆಕ್ಕಿಗನ ಇ-ಮೇಲ್ ವಿಳಾಸದಲ್ಲಿ ತೆರೆಯುವುದು. ಮುಂದೆ ಮನಸ್ತಾಪ ಬಂದರೆ ಒಟಿಪಿ ಹೋಗುವುದು ಅವರ ಮೊಬೈಲಿಗೆ. ಇ-ಮೇಲ್, ಮೊಬೈಲ್ ಸಂಖ್ಯೆ, ಮುಖ್ಯ ಗುಪ್ತಪದ ಮೂರೂ ಮಾಲೀಕನದೇ ಆಗಿರಬೇಕು. ಅಧಿಕಾರವನ್ನು ಇತರರಿಗೆ ಹಂಚಿಕೊಡಬೇಕೇ ಹೊರತು ಅವರಿಂದ ಕೇಳಿ ಪಡೆಯುವಂತಾಗಬಾರದು.

ಹಣ ಕಟ್ಟುವ ಮುನ್ನ ಹತ್ತು ಬಿಲ್ಲು, ನಾಲ್ಕು ರಸೀದಿ, ಎರಡು ಖರೀದಿಗಳನ್ನು ಪ್ರಾಯೋಗಿಕವಾಗಿ ದಾಖಲಿಸಿ, ಅವೆಲ್ಲವನ್ನೂ ಹೊರತೆಗೆದು, ನಮ್ಮ ಲೆಕ್ಕ ಪರಿಶೋಧಕರು ಬಳಸುವ ಬೇರೊಂದು ತಂತ್ರಾಂಶದಲ್ಲಿ ತೆರೆಸಿ ನೋಡಬೇಕು. ಬರೀ ಪಟ್ಟಿಗಳು ಬಂದು ವೋಚರುಗಳು ಬಾರದಿದ್ದರೆ ಆ ಮಾಲು ಬೇಡ. ಕೊಂಡ ಮೇಲೆ ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸಿದ ಮರುದಿನ ಪೂರ್ಣ ಲೆಕ್ಕದ ಪ್ರತಿಯೊಂದನ್ನು ಸ್ವಂತ ಡಿಸ್ಕಿಗೆ ಇಳಿಸಿಕೊಂಡು, ಡಿಸ್ಕನ್ನು ಗಣಕದಿಂದ ಬಿಡಿಸಿ ತಿಜೋರಿಯಲ್ಲಿಡುವ ರೂಢಿ ಬೇಕು. ಗಣಕಕ್ಕೆ ಸದಾ ಜೋಡಿಸಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಆ ಪ್ರತಿ ತೆರೆಯುವುದೇ ಎಂದು ಪರೀಕ್ಷಿಸಬೇಕು.

ಕರಾರಿನ ವಿಷಯದಲ್ಲಿ ಒಬ್ಬೊಬ್ಬರೇ ಚೌಕಾಸಿ ಮಾಡಿದರೆ ಫಲ ಸಿಗಲಾರದು. ಮುದ್ರಿತ ನಿಬಂಧನೆಗಳಿಗೆ ನಾವೆಲ್ಲರೂ ಕಣ್ಣು ಮುಚ್ಚಿ ಒಪ್ಪಿಗೆ ಒತ್ತುವವರೇ. ಆದ್ದರಿಂದ ನಮ್ಮ ವಾಣಿಜ್ಯ ಸಂಸ್ಥೆಯೇ ಸದಸ್ಯರ ಪರವಾಗಿ ಮಾರಾಟಗಾರರನ್ನು ಕರೆಸಿ ಎರಡು ಬೇಡಿಕೆಗಳನ್ನು ಲಿಖಿತವಾಗಿ ಮುಂದಿಡಲಿ: ಚಂದಾ ಮುಗಿದ ನಂತರವೂ ಕನಿಷ್ಠ 90 ದಿನ ಲೆಕ್ಕವನ್ನು ಓದಲು ಹಾಗೂ ಇಳಿಸಿಕೊಳ್ಳಲು ಅವಕಾಶ, ಮತ್ತು ದರ ಏರಿಕೆಗೆ ಮೂರು ತಿಂಗಳ ಮುನ್ಸೂಚನೆ. ಒಪ್ಪಿದವರ ಹೆಸರುಗಳನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಬಹುದು.