ಎಕ್ಕದ ಜೋಡಿಗೂ ಆಳದ ಅರಿವಿರಲಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರ ವಾರಾಂತ್ಯಗಳನ್ನು ಕುರಿತು ಬರೆಯುವಾಗ ಕನ್ನಡ ಕೂಟದ ಯುಗಾದಿ, ಮಕ್ಕಳ ಕನ್ನಡ ತರಗತಿ, ನಾಟಕ, ತಾಳಮದ್ದಳೆಗಳು ಸಹಜವಾಗಿಯೇ ಪ್ರಸ್ತಾಪಕ್ಕೆ ಬರುತ್ತವೆ. ಊಟ ಮುಗಿದು ಮಕ್ಕಳು ಮಹಡಿಯ ಕೋಣೆ ಸೇರಿದ ಬಳಿಕ ಅದೇ ಮನೆಗಳ ಮೇಜಿನ ಮೇಲೆ ಹರಡಿಕೊಳ್ಳುವ ಇಸ್ಪೀಟು ಎಲೆಗಳ ಬಗ್ಗೆ ಬರೆಯಲು ಮಾತ್ರ ನಮಗೆ ಸಂಕೋಚ. ಇಸ್ಪೀಟು ಎಂದೊಡನೆ ಅಂದರ್ ಬಾಹರ್, ಪೊಲೀಸರ ದಾಳಿ, ಮನೆಯವರ ಕಣ್ಣೀರು ನೆನಪಾಗುವ ನಾಡಿನಿಂದ ಬಂದವರಿಗೆ ಆ ಸಂಕೋಚ ಇರಬೇಕಾದದ್ದೇ. ಆದರೂ ರಮ್ಮಿ, ಇಪ್ಪತ್ತೆಂಟುಗಳನ್ನು ಆಡಿ ಬೆಳೆದ ಒಂದು ತಲೆಮಾರು ಇಲ್ಲಿಗೆ ಬಂದು ಟೆಕ್ಸಾಸ್ ಹೋಲ್ಡೆಮ್ ಪೋಕರ್ ಕಲಿತಿದೆ. ಅದನ್ನು ಹಣವಿಟ್ಟು ಆಡುತ್ತಿದೆ. ಆ ಮೇಜುಗಳಲ್ಲಿ ಹಲವು ವರ್ಷ ಕುಳಿತ ನನ್ನ ಅಭಿಪ್ರಾಯ ಇಷ್ಟೇ: ನಮ್ಮವರ ದೊಡ್ಡ ನಷ್ಟಗಳೆಲ್ಲ ಬಹುಪಾಲು ಒಳ್ಳೆಯ ಎಲೆಗಳಿಂದಲೇ ಆಗುತ್ತವೆ.

ಆಟ ತಿಳಿಯದವರಿಗಾಗಿ ಎರಡು ಮಾತು. ಪ್ರತಿಯೊಬ್ಬನಿಗೂ ಎರಡು ಗುಪ್ತ ಎಲೆಗಳು ಸಿಗುತ್ತವೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯುತ್ತಾರೆ. ಮೊದಲು ಮೂರು, ಅದು ಫ್ಲಾಪ್. ನಂತರ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ತೆರೆದ ಎಲೆಗಳ ಈ ಸಾಲಿಗೆ ಬೋರ್ಡ್ ಎಂದು ಹೆಸರು. ಪ್ರತಿ ಹಂತದಲ್ಲೂ ಪಣ ಕಟ್ಟಬಹುದು, ಏರಿಸಬಹುದು, ಎಲೆ ಬಿಟ್ಟು ಹಿಂದೆ ಸರಿಯಬಹುದು. ಏಳು ಎಲೆಗಳಲ್ಲಿ ಅತ್ಯುತ್ತಮ ಐದನ್ನು ಹೊಂದಿಸಿದವನಿಗೆ ಪಾಟ್‌ನಲ್ಲಿರುವ ಹಣವೆಲ್ಲ ಸೇರುತ್ತದೆ.

ಆರಂಭದ ಎರಡು ಎಲೆಗಳಲ್ಲಿ ಸರ್ವಶ್ರೇಷ್ಠವಾದದ್ದು ಎಕ್ಕದ ಜೋಡಿ. ಸರಾಸರಿ 221 ಕೈಗಳಿಗೊಮ್ಮೆ ಅದು ಬರುತ್ತದೆ. ಮನೆಯ ಆಟದ ನಿಧಾನಗತಿಯಲ್ಲಿ ಹಲವು ರಾತ್ರಿಗಳಿಗೊಮ್ಮೆ ಎಂದರೂ ಸರಿ. ಯಾವುದೋ ಎರಡು ಎಲೆ ಹಿಡಿದ ಒಬ್ಬನೇ ಎದುರಾಳಿಯೆದುರು ಕೊನೆಯವರೆಗೂ ಹೋದರೆ ಅದು ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಎದುರಾಳಿಗಳು ಮೂವರಾದರೆ ಆ ಸಂಖ್ಯೆ ಸುಮಾರು 64ಕ್ಕೆ ಇಳಿಯುತ್ತದೆ. ಐವರಾದರೆ ಅರ್ಧದ ಆಸುಪಾಸಿಗೆ ಬರುತ್ತದೆ. ಎಲೆ ಅದೇ, ಎಕ್ಕ ಅದೇ. ಸುತ್ತಲಿನ ಪರಿಸ್ಥಿತಿ ಬದಲಾದಂತೆ ಅದರ ಬೆಲೆ ಬದಲಾಗುತ್ತದೆ. ಎರಡು ಎಕ್ಕ ಕಂಡವನ ಮನಸ್ಸು ಮೊದಲು ಮರೆಯುವುದು ಇದನ್ನೇ.

ಅದಕ್ಕಿಂತ ಹೆಚ್ಚು ಮರೆತುಹೋಗುವ ಸಂಗತಿ ಮೇಜಿನ ಮೇಲಿನ ಹಣದ ಆಳ. ಒಂದು ಮತ್ತು ಎರಡು ಡಾಲರುಗಳ ಕಡ್ಡಾಯ ಪಣವಿರುವ ಆಟವನ್ನು ನೋಡೋಣ. ಒಬ್ಬನ ಮುಂದೆ 60 ಡಾಲರ್ ಇದ್ದರೆ ಅದು ಆಳವಿಲ್ಲದ ಸ್ಟ್ಯಾಕ್. 200 ಡಾಲರ್ ಇದ್ದರೆ, ಅಂದರೆ ದೊಡ್ಡ ಕಡ್ಡಾಯ ಪಣದ ನೂರು ಪಟ್ಟು ಇದ್ದರೆ, ಅದು ವಾಡಿಕೆಯ ಮಟ್ಟ. 600 ಡಾಲರ್ ಇದ್ದರೆ ಅದು ನಿಜಕ್ಕೂ ಡೀಪ್ ಸ್ಟ್ಯಾಕ್. ನಮ್ಮ ಮನೆಗಳಲ್ಲಿ ಆಟ ಆರಂಭವಾದ ವರ್ಷಗಳಲ್ಲಿ ತಲೆಗೆ 20 ಡಾಲರ್ ಹಾಕುತ್ತಿದ್ದರು. ಸಂಬಳ ಏರಿತು, ಕಂಪನಿಯ ಷೇರುಗಳು ಬಂದವು. ಮೇಜಿನ ಆಳವೂ ಹೆಚ್ಚಿತು. ಆದರೆ ಆಡುವ ರೀತಿ ಮಾತ್ರ 20 ಡಾಲರಿನ ಕಾಲದ್ದೇ ಉಳಿಯಿತು.

ಕಳೆದ ಚಳಿಗಾಲದಲ್ಲಿ ಸನ್ನಿವೇಲ್‌ನ ಒಂದು ಮನೆಯಲ್ಲಿ ನಾನು ಪಕ್ಕದಲ್ಲಿ ಕುಳಿತು ನೋಡಿದ ಒಂದು ಕೈ ಇದಕ್ಕೆ ನಿದರ್ಶನ. ಕೆಲಸಕ್ಕೆ ಸೇರಿ ವರ್ಷ ತುಂಬದ ತರುಣನಿಗೆ ಆಟೀನ್ ಮತ್ತು ಡೈಮಂಡ್ ಎಕ್ಕಗಳು ಬಂದಿದ್ದವು. ಅವನು 12 ಡಾಲರಿಗೆ ಏರಿಸಿದ, ಮೂವರು ಜೊತೆಗೂಡಿದರು. ಪಾಟ್ ಸುಮಾರು 50 ಡಾಲರ್. ಅವನ ಮುಂದೆಯೂ ಎದುರಿನ ಹಿರಿಯರ ಮುಂದೆಯೂ ತಲಾ 588 ಡಾಲರ್ ಉಳಿದಿತ್ತು. ಫ್ಲಾಪ್‌ನಲ್ಲಿ ಇಸ್ಪೀಟಿನ ಹತ್ತು, ಇಸ್ಪೀಟಿನ ಒಂಬತ್ತು, ಕಳಾವರ್ ಏಳು ಬಿದ್ದವು. ಹುಡುಗ 40 ಕಟ್ಟಿದ. ಹಿರಿಯರು ಸದ್ದಿಲ್ಲದೆ 140ಕ್ಕೆ ಏರಿಸಿದರು. ಉಳಿದ ಇಬ್ಬರು ಎಲೆ ಬಿಟ್ಟರು. ಹುಡುಗ ಒಂದು ಕ್ಷಣವೂ ತಡೆಯದೆ ಇದ್ದದ್ದೆಲ್ಲವನ್ನೂ ಮುಂದೆ ತಳ್ಳಿದ. ಹಿರಿಯರ ಕೈಯಲ್ಲಿದ್ದದ್ದು ಏಳರ ಜೋಡಿ. ಬೋರ್ಡ್‌ನ ಏಳು ಸೇರಿ ಮೂರು ಏಳು. ಟರ್ನ್ ಮತ್ತು ರಿವರ್ ಏನನ್ನೂ ಬದಲಿಸಲಿಲ್ಲ.

"ಸರ್, ಎಕ್ಕ ಬಂದಾಗಲೂ ಬಿಡಬೇಕು ಅಂದ್ರೆ ಆಡೋದಾದ್ರೂ ಯಾವಾಗ?" ಎಂದು ಹುಡುಗ ಕೇಳಿದ. ಹಿರಿಯರು ಚಿಪ್‌ಗಳನ್ನು ಜೋಡಿಸಿಕೊಳ್ಳುತ್ತಲೇ, "ಆಡಬೇಡ ಅಂದವರ್ಯಾರಪ್ಪ? ಎಷ್ಟಕ್ಕೆ ಆಡ್ತಿದ್ದೀನಿ ಅಂತ ಒಂದ್ಸಲ ನೋಡ್ಕೋಬೇಕಿತ್ತು" ಎಂದರು. ಮೇಜಿನ ಸುತ್ತ ಇದ್ದವರು ಹುಡುಗನ ದುರದೃಷ್ಟಕ್ಕೆ ಮರುಗಿದರು. ನನಗೆ ಅದು ದುರದೃಷ್ಟವೆಂದು ತೋರಲಿಲ್ಲ.

ಆ ಬೋರ್ಡನ್ನು ಇನ್ನೊಮ್ಮೆ ನೋಡಿ. ಗುಲಾಮ ಮತ್ತು ಎಂಟು, ಅಥವಾ ಎಂಟು ಮತ್ತು ಆರು ಹಿಡಿದವನಿಗೆ ಆಗಲೇ ಐದು ಎಲೆಗಳ ಸರಣಿ ಕೂಡಿಬಂದಿದೆ. ಹತ್ತರ, ಒಂಬತ್ತರ ಅಥವಾ ಏಳರ ಜೋಡಿಯಿದ್ದವನ ಬಳಿ ಒಂದೇ ಸಂಖ್ಯೆಯ ಮೂರು ಎಲೆಗಳಿವೆ. ಹತ್ತು ಒಂಬತ್ತು ಹಿಡಿದವನಿಗೆ ಎರಡು ಜೋಡಿ. ಇವರೆಲ್ಲರ ಮುಂದೆ ಎಕ್ಕಗಳು ಈಗಾಗಲೇ ಹಿಂದೆ ಬಿದ್ದಿವೆ. ಮೂರು ಏಳುಗಳ ಎದುರು ಅವು ನೂರಕ್ಕೆ ಹತ್ತು ಸಲವೂ ಗೆಲ್ಲಲಾರವು. ಇನ್ನೂ ಏನೂ ಕೂಡಿಬರದ, ಇಸ್ಪೀಟಿನ ರಾಣಿ ಗುಲಾಮರನ್ನು ಹಿಡಿದವನನ್ನು ಗಮನಿಸಿ. ಯಾವುದೇ ಇಸ್ಪೀಟು, ಯಾವುದೇ ರಾಜ, ಯಾವುದೇ ಎಂಟು ಅವನಿಗೆ ಅನುಕೂಲ. ಕಾಣದ 45 ಎಲೆಗಳಲ್ಲಿ 15 ಅವನವು. ಇನ್ನೂ ಎರಡು ಎಲೆ ತೆರೆಯಬೇಕಿದೆ. ಲೆಕ್ಕ ಹಾಕಿದರೆ ಎಕ್ಕದ ಜೋಡಿಗಿಂತ ಅವನೇ ತುಸು ಮೇಲು. ಬೋರ್ಡ್‌ನಲ್ಲಿ ರಾಜ, ಏಳು, ಎರಡು ಮೂರು ಬೇರೆ ಬೇರೆ ಬಣ್ಣಗಳಲ್ಲಿ ಬಿದ್ದಿದ್ದರೆ ಕತೆಯೇ ಬೇರೆ. ಅಲ್ಲಿ ಕೈಯಲ್ಲಿ ಒಂದು ರಾಜ ಹಿಡಿದವನು ಎಕ್ಕಗಳಿಗೆ ಸಂತೋಷದಿಂದ ಹಣ ಕೊಡುತ್ತಾನೆ. ಹತ್ತು, ಒಂಬತ್ತು, ಏಳರ ಮೇಲೆ ನೂರಾರು ಡಾಲರ್ ಸುರಿಯಲು ಸಿದ್ಧನಾದವನು ಎಕ್ಕಗಳಿಗೆ ಹಣ ಕೊಡಲು ಬಂದವನಾಗಿರುವುದು ಅಪರೂಪ.

ಈಗ ಹಣದ ಲೆಕ್ಕ. ಅದೇ ಹುಡುಗನ ಮುಂದೆ 60 ಡಾಲರ್ ಮಾತ್ರ ಇದ್ದಿದ್ದರೆ 12 ಏರಿಸಿದ ಬಳಿಕ 48 ಉಳಿಯುತ್ತಿತ್ತು, ಪಾಟ್ 50. ಆಗ ಎಲ್ಲವನ್ನೂ ತಳ್ಳಿದರೂ ನೂರಕ್ಕೆ 33 ಸಲ ಗೆದ್ದರೆ ಆ ಹಣಕ್ಕೆ ನ್ಯಾಯ ಸಿಗುತ್ತದೆ. ಆ ಸ್ಥಿತಿಯಲ್ಲಿ ಯೋಚಿಸುವುದೇ ಬೇಡ, ತಳ್ಳುವುದೇ ಸರಿ. 588 ಡಾಲರನ್ನು ಅದೇ 50 ಡಾಲರಿನ ಪಾಟ್‌ಗಾಗಿ ತಳ್ಳಿದರೆ ನೂರಕ್ಕೆ 48 ಸಲ ಗೆಲ್ಲಬೇಕಾಗುತ್ತದೆ, ಅದೂ ಅಷ್ಟು ಹಣಕ್ಕೆ ಎದುರು ನಿಲ್ಲುವ ಬಲಿಷ್ಠ ಕೈಗಳ ವಿರುದ್ಧ. ಉಳಿದ ಹಣವನ್ನು ಪಾಟ್‌ನಿಂದ ಭಾಗಿಸಿ ಬರುವ ಸಂಖ್ಯೆಯನ್ನು ಮುಂದಿಟ್ಟುಕೊಂಡು ಯೋಚಿಸುವ ಕ್ರಮವನ್ನು ಮ್ಯಾಟ್ ಫ್ಲಿನ್, ಸನ್ನಿ ಮೆಹ್ತಾ, ಎಡ್ ಮಿಲ್ಲರ್ ಎಂಬ ಮೂವರು ಲೇಖಕರು 2007ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ವಿವರಿಸಿದರು. ಮೊದಲ ಸ್ಥಿತಿಯಲ್ಲಿ ಆ ಸಂಖ್ಯೆ ಒಂದು, ಎರಡನೆಯದರಲ್ಲಿ ಹನ್ನೆರಡು. ಒಂದಕ್ಕೆ ಒಂದು ಜೋಡಿ ಸಾಕು. ಹನ್ನೆರಡಕ್ಕೆ ಅದು ಸಾಲದು.

ಏಳರ ಜೋಡಿಯವರು 12 ಡಾಲರ್ ಕೊಟ್ಟು ಒಳಗೆ ಬಂದದ್ದಾದರೂ ಏಕೆ? ಕೈಯಲ್ಲಿರುವ ಜೋಡಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಅಂದರೆ ಒಮ್ಮೆ ಸಿಗುವುದರೊಳಗೆ ಅವರು ಸುಮಾರು 90 ಡಾಲರ್ ಕಳೆದುಕೊಂಡಿರುತ್ತಾರೆ. ಎದುರಿನವನ ಬಳಿ ಉಳಿದಿರುವುದು 48 ಡಾಲರ್ ಆದರೆ ಈ ವ್ಯಾಪಾರ ಗಿಟ್ಟುವುದು ಕಷ್ಟ. 588 ಇದ್ದು, ಅದನ್ನು ಎಕ್ಕದ ಅಭಿಮಾನಕ್ಕಾಗಿ ಪೂರ್ತಿ ಒಪ್ಪಿಸುವ ಮನಸ್ಸೂ ಅವನಿಗಿದ್ದರೆ, ಇದಕ್ಕಿಂತ ಲಾಭದ ವ್ಯಾಪಾರವಿಲ್ಲ. ಎಕ್ಕದ ಜೋಡಿ ಗೆದ್ದರೆ ಚಿಕ್ಕ ಪಾಟ್, ಸೋತರೆ ದೊಡ್ಡ ಪಾಟ್ ಎಂಬ ಮಾತು ಆಟಗಾರರಲ್ಲಿ ಹಳೆಯದು. ಆಳವಾದ ಮೇಜಿನಲ್ಲಿ ಅದರ ಕಾರಣ ಇದೇ ಲೆಕ್ಕದಲ್ಲಿದೆ.

ಆರಂಭದ ಎಲೆಗೆ ಆಟದ ಅಂತ್ಯದ ಮೇಲೆ ಹಕ್ಕಿಲ್ಲ ಎಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿಯಿದೆ. ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯನ್ನು ಗೆದ್ದಾಗ, ಎರಡು ವರ್ಷವೂ ಕೊನೆಯ ಕೈಯಲ್ಲಿ ಅವರ ಬಳಿ ಇದ್ದದ್ದು ಹತ್ತು ಮತ್ತು ಎರಡು. ಯಾರೂ ಮೆಚ್ಚದ ಎಲೆಗಳು ಅವು. 1976ರಲ್ಲಿ ಎದುರಾಳಿಯ ಬಳಿ ಎಕ್ಕ ಗುಲಾಮರಿದ್ದು, ಫ್ಲಾಪ್‌ನಲ್ಲೂ ಎಕ್ಕ ಗುಲಾಮ ಬಿದ್ದಿದ್ದವು. ಆದರೂ ಗೆದ್ದದ್ದು ಹತ್ತು ಎರಡು. ಇದರಿಂದ ಹತ್ತು ಎರಡನ್ನು ಆಡಬೇಕೆಂಬ ಪಾಠ ಕಲಿಯಬೇಕಿಲ್ಲ. ಐದು ಎಲೆ ತೆರೆಯುವವರೆಗೆ ಯಾರ ಎಲೆಯೂ ಶಾಶ್ವತವಾಗಿ ದೊಡ್ಡದಲ್ಲ ಎಂದು ತಿಳಿದರೆ ಸಾಕು.

ಇದಕ್ಕೆ ಆಕ್ಷೇಪಗಳಿವೆ. "ಪ್ರತಿಯೊಂದಕ್ಕೂ ಹೆದರಿ ಎಲೆ ಬಿಟ್ಟರೆ ಎದುರಿನವರು ಸುಳ್ಳು ಪಣ ಕಟ್ಟಿಯೇ ನಮ್ಮನ್ನು ದೋಚುತ್ತಾರೆ" ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಅದು ಸುಳ್ಳೂ ಅಲ್ಲ. ಆದರೆ ಎಲ್ಲವನ್ನೂ ತಳ್ಳುವುದು ಮತ್ತು ಎಲೆ ಬಿಡುವುದು ಇವೆರಡೇ ದಾರಿಗಳಲ್ಲ. ಮೂವರು ಎದುರಾಳಿಗಳಿರುವ ಇಂಥ ಬೋರ್ಡ್‌ನಲ್ಲಿ ಪಣ ಕಟ್ಟದೆ ಸುಮ್ಮನಿದ್ದು ಪಾಟ್ ಚಿಕ್ಕದಾಗಿಯೇ ಇರುವಂತೆ ನೋಡಿಕೊಳ್ಳಬಹುದು. ಒಂದು ಸಾಧಾರಣ ಪಣಕ್ಕೆ ಸರಿಗಟ್ಟಿ ಟರ್ನ್ ನೋಡಬಹುದು. ಇಂದಿನ ಸಾಲ್ವರ್ ಎಂಬ ಕಂಪ್ಯೂಟರ್ ಲೆಕ್ಕಾಚಾರಗಳೂ ಹೀಗೆ ಒಂದಕ್ಕೊಂದು ಹೊಂದಿಕೊಂಡ ಮಧ್ಯಮ ಎಲೆಗಳ ಬೋರ್ಡ್‌ನಲ್ಲಿ ದೊಡ್ಡ ಜೋಡಿಗಳನ್ನು ಅನೇಕ ಬಾರಿ ಸುಮ್ಮನಿರಿಸುತ್ತವೆ. ಕೈಯಲ್ಲಿ ಇಸ್ಪೀಟಿನ ಎಕ್ಕವಿದ್ದರೆ ಇನ್ನಷ್ಟು ಧೈರ್ಯ ತೋರಬಹುದು. ಅತಿ ದೊಡ್ಡ ಇಸ್ಪೀಟು ನಮ್ಮಲ್ಲೇ ಇರುವುದರಿಂದ ಎದುರಾಳಿಗೆ ಅದು ಸಿಗದು. ಕೊನೆಯಲ್ಲಿ ಆಡುವ ಸರದಿ ನಮ್ಮದಾದರೆ ಉಳಿದವರ ನಡೆ ನೋಡಿ ನಿರ್ಧರಿಸಬಹುದು. ಎಂದೂ ಏರಿಸದ ಸಾಧು ಸ್ವಭಾವದವರು ದೊಡ್ಡದಾಗಿ ಏರಿಸಿದಾಗ ಮಾತ್ರ ಎಕ್ಕಗಳನ್ನು ಗೌರವದಿಂದ ಮೇಜಿನ ಮೇಲೆ ಮಗುಚಿಡುವುದೇ ವಿವೇಕ.

ಇಷ್ಟೆಲ್ಲ ಲೆಕ್ಕ ಅನಿವಾಸಿ ಬದುಕಿನ ಅಂಕಣಕ್ಕೆ ಏಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಬಹಳ ಜನ ಈ ದೇಶಕ್ಕೆ ಬಂದದ್ದು ಅತಿ ಚಿಕ್ಕ ಸ್ಟ್ಯಾಕ್ ಹಿಡಿದು: ಎರಡು ಸೂಟ್‌ಕೇಸ್, ಬ್ಯಾಂಕಿನ ಶಿಕ್ಷಣ ಸಾಲ, ಒಂದು ಪದವಿ. ಕೈಯಲ್ಲಿದ್ದ ಒಳ್ಳೆಯ ಎಲೆ ಆ ಪದವಿಯೊಂದೇ. ಅದರ ಮೇಲೆ ಇದ್ದದ್ದೆಲ್ಲವನ್ನೂ ತಳ್ಳಿದೆವು; ಆಗ ಅದೇ ಸರಿಯಾದ ಆಟವಾಗಿತ್ತು. ಆ ಧೈರ್ಯ ಫಲ ಕೊಟ್ಟದ್ದರಿಂದ ಅದೇ ನಮ್ಮ ಸ್ವಭಾವವಾಯಿತು. ಇಂದು ಮನೆಯ ಸಾಲವಿದೆ, ಮಕ್ಕಳ ಕಾಲೇಜಿದೆ, ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ವಯಸ್ಸಾದ ತಂದೆತಾಯಿ ಇದ್ದಾರೆ. ಇಪ್ಪತ್ತೈದರ ವಯಸ್ಸಿನಲ್ಲಿ ಸಾಹಸವಾಗಿದ್ದ ನಡೆ ನಲವತ್ತೈದರಲ್ಲಿ ಬರಿಯ ಹಳೆಯ ಅಭ್ಯಾಸವಾಗಿರಬಹುದು.

ಇನ್ನೂ ಸೂಕ್ಷ್ಮವಾದ ವಿಷಯವೊಂದಿದೆ. ಆ ರಾತ್ರಿ ಇಬ್ಬರ ಮುಂದೆಯೂ 600 ಡಾಲರ್ ಇತ್ತಾದರೂ ಇಬ್ಬರ ಆಳ ಒಂದೇ ಆಗಿರಲಿಲ್ಲ. ಹಿರಿಯರಿಗೆ ಸ್ವಂತ ಮನೆ, ಪೌರತ್ವ ಎರಡೂ ಇವೆ. ಹುಡುಗ ಎಚ್-1ಬಿ ವೀಸಾದ ಮೇಲಿದ್ದಾನೆ. ಕೆಲಸ ಹೋದರೆ ಹೊಸದನ್ನು ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಆ ವೀಸಾದವರಿಗೆ ಸಾಮಾನ್ಯವಾಗಿ ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಅಂಥವನಿಗೆ 600 ಡಾಲರ್ ಎಂದರೆ ಸಂಕಟದ ದಿನಗಳಲ್ಲಿ ಹಲವು ವಾರಗಳ ದಿನಸಿ. ಹಿರಿಯರು ಮೋಸ ಮಾಡಲಿಲ್ಲ, ಆಟವನ್ನು ಸರಿಯಾಗಿಯೇ ಆಡಿದರು. ಆದರೆ ಅಂಥ ಆಳಕ್ಕೆ ಆ ಹುಡುಗನನ್ನು ಇಳಿಸಿದ್ದು ಮೇಜಿನ ನಿಯಮ. ಆ ನಿಯಮ ಮಾಡಿದವರು ನಮ್ಮ ವಯಸ್ಸಿನವರೇ.

ಆಟ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ದೂರದ ಊರಿನಲ್ಲಿ ಒಂದೇ ಭಾಷೆಯಲ್ಲಿ ನಗುವ, ಕಾಲೆಳೆಯುವ ಜಾಗಗಳು ಕಡಿಮೆ. ಆ ಮೇಜು ಅಂಥದ್ದೊಂದು. ಅದು ಉಳಿಯಬೇಕಾದರೆ ಅದಕ್ಕೊಂದು ಮಿತಿ ಬೇಕು. ಒಂದು ಎರಡು ಡಾಲರಿನ ಆಟದಲ್ಲಿ ಯಾರೂ 200ಕ್ಕಿಂತ ಹೆಚ್ಚು ಇಟ್ಟು ಕುಳಿತುಕೊಳ್ಳಬಾರದು. ಸೋತವನು ಮತ್ತೆ ಹಣ ಹಾಕುವುದು ಒಂದೇ ಸಲಕ್ಕೆ ನಿಲ್ಲಬೇಕು. ಗೆದ್ದು ಯಾರ ಮುಂದಾದರೂ ಬೆಟ್ಟ ಬೆಳೆದರೆ ಹೆಚ್ಚಿನದನ್ನು ಬದಿಗೆ ತೆಗೆದಿಡುವುದು ಸಭ್ಯತೆ ಎನಿಸಿಕೊಳ್ಳಬೇಕು. ಕಾರ್ಡ್‌ರೂಮ್‌ಗಳಲ್ಲಿ ಗೆದ್ದ ಹಣವನ್ನು ಹಾಗೆ ನಡುವೆ ತೆಗೆಯಲು ಬಿಡುವುದಿಲ್ಲ. ಆದರೆ ಗೆಳೆಯರ ಮನೆ ಕಾರ್ಡ್‌ರೂಮ್ ಅಲ್ಲವಲ್ಲ.

ಅದಕ್ಕಿಂತ ಮುಖ್ಯವಾಗಿ, ಎಕ್ಕದ ಜೋಡಿಯನ್ನು ಬಿಟ್ಟವನನ್ನು ಹಂಗಿಸುವ ಚಾಳಿ ನಮ್ಮ ಮೇಜುಗಳಿಂದ ಹೋಗಬೇಕು. ಬಿಟ್ಟ ಎಲೆಯನ್ನು ತೋರಿಸೆಂದು ಪೀಡಿಸುವುದು, ತೋರಿಸಿದರೆ ನಗುವುದು, ಮುಂದಿನ ವಾರವೂ ಅದನ್ನೇ ಎತ್ತಿ ಆಡುವುದು ಇವೆಲ್ಲ ಎಳೆಯರನ್ನು ತಪ್ಪು ಆಟಕ್ಕೆ ತಳ್ಳುತ್ತವೆ. ಹಿರಿಯರಾದವರು ತಾವೇ ಒಮ್ಮೆ ಇಂಥ ಬೋರ್ಡ್‌ನಲ್ಲಿ ಒಳ್ಳೆಯ ಜೋಡಿಯನ್ನು ತೋರಿಸಿ ಬಿಡಲಿ. ಬಿಡುವುದರಲ್ಲಿ ಅವಮಾನವಿಲ್ಲ ಎಂಬುದನ್ನು ಹುಡುಗರು ನಮ್ಮ ಉಪದೇಶದಿಂದ ಕಲಿಯುವುದಿಲ್ಲ; ಮರ್ಯಾದಸ್ಥರೊಬ್ಬರು ಎಕ್ಕ ಬಿಟ್ಟು ನಿರಾಳವಾಗಿ ಕಾಫಿ ಕುಡಿಯುವುದನ್ನು ಕಂಡು ಕಲಿಯುತ್ತಾರೆ.