ಮನೋವ್ಯಥೆಯನ್ನು ಬಚ್ಚಿಡಬೇಕೆ?

ನಮ್ಮ ಪ್ರೌಢಶಾಲೆಯ ಸ್ಮರಣಸಂಚಿಕೆಯಲ್ಲಿ ವಿದ್ಯಾಭ್ಯಾಸ, ಆಟಪಾಟ, ಪರೀಕ್ಷೆಯ ಫಲಿತಾಂಶ ಇವುಗಳನ್ನು ಕುರಿತ ಲೇಖನಗಳನ್ನು ವಾಚಕರು ನಿರೀಕ್ಷಿಸುವುದು ಸಹಜವಾದುದೇ. ಅವು ಬೇರೆ ಪುಟಗಳಲ್ಲಿವೆ. ಪೂರ್ವವಿದ್ಯಾರ್ಥಿನಿಯರ ಮುಂದೆಯೂ ತಂದೆತಾಯಿಗಳ ಮುಂದೆಯೂ ನಾವು ಇಲ್ಲಿ ಇಡಬೇಕೆಂದಿರುವುದು ನಮ್ಮ ಮನೆಗಳಲ್ಲಿ ದನಿ ತಗ್ಗಿಸಿ ಆಡುವ ಒಂದು ವಿಷಯವನ್ನು. ಅದು ಖಿನ್ನತೆ ಎಂಬ ಮನಸ್ಸಿನ ರೋಗ. ಅದನ್ನು ಬಚ್ಚಿಡಬಾರದು; ಹೇಳಿಕೊಂಡವಳನ್ನು ಒಂಟಿಯಾಗಿ ಬಿಡಲೂ ಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ದುಃಖವೆಲ್ಲವೂ ರೋಗವಲ್ಲ. ಹತ್ತಿರದವರು ತೀರಿಕೊಂಡಾಗ, ಪರೀಕ್ಷೆಯಲ್ಲಿ ಸೋತಾಗ ಮನಸ್ಸು ಕುಗ್ಗುವುದು ಮನುಷ್ಯಧರ್ಮ. ಆದರೆ ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಮನಸ್ಸು ಕವಿದುಕೊಂಡಿದ್ದು, ಹಿಂದೆ ಪ್ರಿಯವಾಗಿದ್ದ ಕೆಲಸಗಳಲ್ಲಿ ರುಚಿ ತಪ್ಪಿ, ನಿದ್ರೆಯೂ ಆಹಾರವೂ ಕೆಟ್ಟು, ತಾನು ಯಾರಿಗೂ ಬೇಡದವಳೆಂಬ ಭಾವನೆ ಬೇರೂರಿದರೆ, ಅದು ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ನಮ್ಮ ಹೆಣ್ಣುಮಕ್ಕಳು ಅನೇಕರು ಇದನ್ನು ದುಃಖವೆಂದು ಹೇಳುವುದೇ ಇಲ್ಲ. ತಲೆನೋವು, ಮೈಕೈ ನೋವು, ಸುಸ್ತು, ಎದೆಯುರಿ ಎಂದು ಹೇಳುವರು. ಮನೆಯವರು ಶಕ್ತಿಯ ಔಷಧಿಯನ್ನು ತಂದುಕೊಟ್ಟು ಸುಮ್ಮನಾಗುವರು. ಬೇನೆ ಒಳಗೇ ಉಳಿಯುವುದು.

ಹೀಗೆ ಅದು ಒಳಗೇ ಉಳಿಯಲು ಕಾರಣವೇನು? ನಮ್ಮ ಸಮಾಜದಲ್ಲಿ ಹೆಣ್ಣಿಗೆ ಸಲ್ಲುವ ದೊಡ್ಡ ಹೊಗಳಿಕೆಯೆಂದರೆ ತಾಳ್ಮೆಯದು. ಅತ್ತೆಯ ಮನೆಯಲ್ಲಿ ಬಾಯ್ಬಿಡದೆ ಬಾಳಿದವಳನ್ನು ಊರೆಲ್ಲ ಕೊಂಡಾಡುವುದು. ತಾಳ್ಮೆ ಸದ್ಗುಣವೇ ಸರಿ. ಆದರೆ ರೋಗವನ್ನು ಸಹಿಸಿಕೊಂಡು ಕುಳಿತಿರುವುದು ತಾಳ್ಮೆಯಲ್ಲ. ಕ್ಷಯವನ್ನು ಸಹಿಸಿಕೊಂಡಿರು ಎಂದು ಮಗಳಿಗೆ ಯಾವ ತಾಯಿಯೂ ಹೇಳಳು. ಎರಡನೆಯ ಕಾರಣ ಮದುವೆಯ ಚಿಂತೆ. ಹಿರಿಯಳಿಗೆ ಮನೋರೋಗವೆಂದು ತಿಳಿದರೆ ಕಿರಿಯಳಿಗೆ ಸಂಬಂಧ ಕೂಡಿಬರುವುದಿಲ್ಲವೆಂಬ ಭಯ ಗುಬ್ಬಿಯಲ್ಲಿಯೂ ಕುಣಿಗಲಿನಲ್ಲಿಯೂ ಇದೆ, ತುಮಕೂರು ನಗರದ ವಿದ್ಯಾವಂತರ ಮನೆಗಳಲ್ಲಿಯೂ ಇದೆ. ಈ ಭಯ ಬರಿಯ ಕಲ್ಪನೆಯೆಂದು ನಾವು ಹೇಳಲಾರೆವು. ಆದರೆ ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಉಳಿದ ರೋಗವು ಕುಟುಂಬಕ್ಕೆ ತರುವ ಹಾನಿ, ಚಿಕಿತ್ಸೆ ಪಡೆದು ಗುಣವಾದ ರೋಗದ ಹಾನಿಗಿಂತ ಬಹಳ ದೊಡ್ಡದು.

ಬಾಣಂತಿಯರ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ತವರಿನಲ್ಲಿ ಎಣ್ಣೆನೀರು, ಪಥ್ಯ, ಸಾಂಬ್ರಾಣಿ ಇವುಗಳಲ್ಲಿ ಒಂದಕ್ಕೂ ಕೊರತೆಯಿರುವುದಿಲ್ಲ. ಆದರೆ ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದೆ, ಕಾರಣವಿಲ್ಲದೆ ಅಳುತ್ತಿರುವ ತಾಯಿಗೆ, 'ಬಂಗಾರದಂಥ ಮಗು ಹುಟ್ಟಿರುವಾಗ ನಿನಗೇನು ಕೊರಗು?' ಎಂಬ ಪ್ರಶ್ನೆಯೊಂದೇ ದೊರೆಯುವುದು. ಹೆರಿಗೆಯಾದ ಕೆಲವು ದಿನ ಕಣ್ಣೀರು ಬರುವುದು ಸಾಮಾನ್ಯ. ಅದು ವಾರಗಟ್ಟಲೆ ನಿಂತರೆ ಖಿನ್ನತೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯುಂಟು. ಬಾಣಂತಿಗೆ ಭ್ರಮೆ ಹಿಡಿದು, ಮಾತು ಅಸಂಬದ್ಧವಾದರೆ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇದು ಎಲ್ಲಿಯೋ ಅಪರೂಪಕ್ಕೆ ಬರುವ ರೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ತಮ್ಮ ಜೀವಿತದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಈ ರೋಗಿಗಳಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಒಂದು ತರಗತಿಯಲ್ಲಿ 40 ಹುಡುಗಿಯರು ಕುಳಿತಿದ್ದರೆಂದು ನೆನೆಯಿರಿ. ಮುಂದಿನ ಬಾಳಿನಲ್ಲಿ ಅವರಲ್ಲಿ ಇಬ್ಬರಾದರೂ ಈ ಕತ್ತಲೆಯನ್ನು ಹಾದುಹೋಗುವರೆಂದಾಯಿತು.

ನಿಮ್ಹಾನ್ಸ್ ಸಂಸ್ಥೆಯ ಚರಿತ್ರೆಯೇ ನಮಗೊಂದು ಪಾಠವಾಗಿದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಹುಚ್ಚರ ಆಶ್ರಯವೆಂದು ಕರೆಸಿಕೊಳ್ಳುತ್ತಿದ್ದ ಬೆಂಗಳೂರಿನ ಆ ಮನೆಗೆ 1925ರಲ್ಲಿ ಮಾನಸಿಕ ರೋಗಗಳ ಆಸ್ಪತ್ರೆಯೆಂಬ ಹೆಸರು ಬಂದಿತು. ಅದರಿಂದ ಬೆಳೆದ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಸರಕಾರದ ಕಾಗದಪತ್ರಗಳಲ್ಲಿ ಹೆಸರು ಬದಲಾಗಿ ನೂರು ವರ್ಷಗಳೇ ಆದುವು. ನಮ್ಮ ನಾಲಗೆಯ ಮೇಲೆ ಮಾತ್ರ 'ಹುಚ್ಚಾಸ್ಪತ್ರೆ' ಎಂಬ ಮಾತು ಇನ್ನೂ ಉಳಿದಿದೆ. ಆ ಒಂದು ಮಾತಿಗೆ ಅಂಜಿ ಎಷ್ಟು ಮಂದಿ ಚಿಕಿತ್ಸೆಯಿಂದ ದೂರ ಉಳಿದರೆಂಬುದನ್ನು ಯೋಚಿಸತಕ್ಕದ್ದು.

ಇಂಥ ಅಂಜಿಕೆಯನ್ನು ಮುರಿದ ಉದಾಹರಣೆಯೊಂದು ನಮ್ಮ ನಾಡಿನ ಕುಟುಂಬದಲ್ಲಿಯೇ ಇದೆ. ಬೆಂಗಳೂರಿನಲ್ಲಿ ಬೆಳೆದ ಚಿತ್ರನಟಿ ದೀಪಿಕಾ ಪಡುಕೋಣೆಯವರು, ಕೀರ್ತಿ ಹಣ ಎರಡೂ ತುಂಬಿ ಬರುತ್ತಿದ್ದ ಕಾಲದಲ್ಲಿ, 2014ರಲ್ಲಿ ಖಿನ್ನತೆಗೆ ಒಳಗಾದರು. 2015ರಲ್ಲಿ ಆ ವಿಷಯವನ್ನು ಬಹಿರಂಗವಾಗಿ ಹೇಳಿದರು. ಚಿತ್ರನಟಿಯ ಮಾತು ನಮಗೇಕೆಂದು ಹಿರಿಯರು ಕೇಳಬಹುದು. ನಾವು ಗಮನಿಸಬೇಕೆಂದಿರುವುದು ಅವರ ತಾಯಿಯನ್ನು. ಮಗಳು ಅತ್ತಾಗ, ಇದು ಸಾಧಾರಣವಾದ ಅಳುವಲ್ಲವೆಂದು ಗುರುತಿಸಿದವರು ಆ ತಾಯಿ; ತಜ್ಞರ ಸಹಾಯ ಬೇಕೆಂದು ಹೇಳಿದವರೂ ಅವರೇ. ಆಪ್ತಸಮಾಲೋಚನೆಯ ಜತೆಗೆ ಔಷಧಿಯೂ ದೊರೆತು ಮಗಳು ಚೇತರಿಸಿಕೊಂಡರು. ಆಮೇಲೆ 2015ರಲ್ಲಿಯೇ ಅವರು ಸ್ಥಾಪಿಸಿದ ಲಿವ್ ಲವ್ ಲಾಫ್ ಎಂಬ ಸಂಸ್ಥೆಯು ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮನೋರೋಗಿಗಳಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ನೆರವಾಗುವ ಕಾರ್ಯವನ್ನು ಕೈಗೊಂಡಿತು. ಒಬ್ಬಳು ಬಾಯ್ಬಿಟ್ಟು ಆಡಿದ ಮಾತು ತನ್ನ ಮನೆಯಲ್ಲಿಯೇ ನಿಲ್ಲದೆ ದೂರದ ಹಳ್ಳಿಯ ಬಾಗಿಲನ್ನೂ ತಟ್ಟಬಲ್ಲುದೆಂಬುದಕ್ಕೆ ಇದು ಸಾಕ್ಷಿ.

'ಮನೆಯ ಗುಟ್ಟನ್ನು ಬೀದಿಗೆ ತರಬೇಕೆ?' ಎಂದು ಕೆಲವರು ಆಕ್ಷೇಪಿಸುವರು. ಬೇಕಾಗಿಲ್ಲ. ಎಲ್ಲರೂ ಸಭೆಯಲ್ಲಿ ನಿಂತು ಹೇಳಬೇಕೆಂಬುದು ನಮ್ಮ ಮಾತಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ನೊಂದವಳೇ ನಿಶ್ಚಯಿಸಲಿ. ಆದರೆ ನಂಬಿ ಹೇಳಿಕೊಳ್ಳಲು ಒಬ್ಬರಾದರೂ ಇಲ್ಲದ ಮನೆಯಲ್ಲಿ ಗುಟ್ಟು ಉಳಿಯಬಹುದು, ಮಗಳು ಉಳಿಯುವಳೆಂಬ ಭರವಸೆಯಿಲ್ಲ. ಮತ್ತೆ ಕೆಲವರು, ಪ್ರಾರ್ಥನೆ ಸಾಲದ್ದರಿಂದಲೇ ಇಂಥ ವ್ಯಥೆ ಬರುವುದೆನ್ನುವರು. ಪ್ರಾರ್ಥಿಸುವವರಿಗೂ ಮಧುಮೇಹ ಬರುತ್ತದೆ, ಅವರು ಔಷಧಿಯನ್ನೂ ತೆಗೆದುಕೊಳ್ಳುತ್ತಾರೆ; ಇದರಿಂದ ಅವರ ಭಕ್ತಿಗೆ ಕುಂದು ಬಂದಿತೆಂದು ಯಾರೂ ಹೇಳುವುದಿಲ್ಲ.

ಆದುದರಿಂದ ನಮ್ಮ ಪೂರ್ವವಿದ್ಯಾರ್ಥಿನಿಯರಿಗೆ ನಾವು ಒಂದು ಕಾರ್ಯವನ್ನು ಸೂಚಿಸುತ್ತೇವೆ. ಒಂದೇ ಬೆಂಚಿನಲ್ಲಿ ಕುಳಿತು ಕಲಿತವರ ಸ್ನೇಹ ವರ್ಷಕ್ಕೊಮ್ಮೆ ಕೂಡಿ ಉಂಡು ಹೋಗುವುದಕ್ಕೆ ಮಾತ್ರ ಮೀಸಲಾಗದಿರಲಿ. ಗುಬ್ಬಿಯಲ್ಲಿರುವವರು ನಾಲ್ಕಾರು ಮಂದಿ, ಕುಣಿಗಲಿನಲ್ಲಿರುವವರು ನಾಲ್ಕಾರು ಮಂದಿ, ತುಮಕೂರಿನ ಒಂದೊಂದು ಬಡಾವಣೆಯವರು, ತಿಂಗಳಿಗೊಮ್ಮೆ ಸೇರಿ ಸುಖದುಃಖಗಳನ್ನು ಹೇಳಿಕೊಳ್ಳಲಿ. ದೂರದೂರಿಗೆ ಹೋದವರಿಗೆ ಕಾಗದ ಬರೆಯಲಿ, ದೂರವಾಣಿಯಲ್ಲಿ ವಿಚಾರಿಸಲಿ. ತನಗೊಬ್ಬಳಿಗೇ ಬಂದ ಶಾಪವೆಂದು ತಿಳಿದಿದ್ದವಳಿಗೆ, 'ನನಗೂ ಹಾಗೆಯೇ ಆಗಿತ್ತು, ಈಗ ವಾಸಿಯಾಗಿದೆ' ಎಂದು ಗೆಳತಿಯೊಬ್ಬಳು ಹೇಳುವ ಮಾತಿನಷ್ಟು ಧೈರ್ಯವನ್ನು ನಮ್ಮ ಉಪದೇಶ ಕೊಡಲಾರದು.

ಕೇಳಿಸಿಕೊಳ್ಳುವವರಿಗೂ ಕೆಲವು ನಿಯಮಗಳುಂಟು. ಮಾತು ಮುಗಿಯುವ ಮೊದಲು ಬುದ್ಧಿವಾದ ಹೇಳಬಾರದು. 'ನಿನಗಿಂತ ಕಷ್ಟದಲ್ಲಿರುವವರಿಲ್ಲವೇ?' ಎಂದು ಹೋಲಿಸಬಾರದು. ಕೇಳಿದ್ದನ್ನು ಗಂಡನೊಡನೆಯಾಗಲಿ ನೆರೆಯವರೊಡನೆಯಾಗಲಿ ಹರಟಬಾರದು. ಆದರೆ ಸಾಯಬೇಕೆಂಬ ಮಾತು ಬಂದರೆ ಅದನ್ನು ಮಾತ್ರ ಗುಟ್ಟಾಗಿ ಇಟ್ಟುಕೊಳ್ಳತಕ್ಕದ್ದಲ್ಲ. ಅವಳನ್ನು ಒಂಟಿಯಾಗಿ ಬಿಡದೆ, ನಂಬಿಕೆಯ ಹಿರಿಯರಿಗೂ ವೈದ್ಯರಿಗೂ ತಿಳಿಸಬೇಕು. 'ಸಾಯುವ ಯೋಚನೆ ಬರುತ್ತಿದೆಯೇ?' ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದೆಂಬ ಭಯ ನಿರಾಧಾರವಾದುದು. ಹಾಗೆ ಕೇಳುವುದರಿಂದ ನೊಂದವಳ ಎದೆಯ ಭಾರ ಇಳಿಯುವುದೇ ಹೆಚ್ಚು.

ಗೆಳತಿಯರ ಸಂಗವು ಚಿಕಿತ್ಸೆಯ ಸ್ಥಾನವನ್ನು ತುಂಬುವುದಿಲ್ಲ. ಚಿಕಿತ್ಸೆಯವರೆಗೆ ಕೈಹಿಡಿದು ನಡೆಸುವುದು, ಅದನ್ನು ನಡುವೆ ಬಿಡದಂತೆ ನೋಡಿಕೊಳ್ಳುವುದು ಅದರ ಕೆಲಸ. ಖಿನ್ನತೆಯ ಔಷಧಿ ಗುಣ ತೋರಿಸಲು ಕೆಲವು ವಾರಗಳು ಹಿಡಿಯುತ್ತವೆ. ಗುಣವಾದಂತೆ ತೋರಿದ ಮೇಲೆಯೂ ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು. ಎರಡನೆಯ ವಾರದಲ್ಲಿಯೇ 'ಇದರಿಂದೇನೂ ಆಗಲಿಲ್ಲ' ಎಂದು ಬಿಟ್ಟವರು ಎಷ್ಟೋ ಮಂದಿ. ಆಗ ಒಬ್ಬ ಗೆಳತಿ ಬಸ್ಸಿನಲ್ಲಿ ಜತೆಗೆ ಬಂದು ಕುಳಿತರೆ ಅರ್ಧ ಕೆಲಸವಾದಂತೆ.

ಇದಕ್ಕಾಗಿ ಎಲ್ಲರೂ ಬೆಂಗಳೂರಿಗೆ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿಯೇ, 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ತೀವ್ರವಾದ ಮನೋರೋಗಿಗಳಿಗೆ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ಕೊಡುವ ಕೆಲಸವನ್ನು ಅದೇ ಸಂಸ್ಥೆ ನಡೆಸಿದೆ. ಮನೋವೈದ್ಯರು ಯಾವ ದಿನ ದೊರೆಯುವರೆಂದು ಗುಬ್ಬಿಯವರೂ ಕುಣಿಗಲಿನವರೂ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೋ ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿಯೋ ವಿಚಾರಿಸಬಹುದು. ಮನೆಯಿಂದ ಹೊರಡಲಾರದವರು 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆ ಹಗಲಿರುಳೂ ಉಚಿತವಾಗಿದೆ, ಕನ್ನಡದಲ್ಲಿಯೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆ ಪಡೆಯುವ ಹಕ್ಕನ್ನೂ, ಚಿಕಿತ್ಸೆಯ ವಿಷಯ ಗೋಪ್ಯವಾಗಿರಬೇಕೆಂಬ ಹಕ್ಕನ್ನೂ ರೋಗಿಗೆ ಕೊಟ್ಟಿದೆ.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮಗಳು ತವರಿಗೆ ಬಂದಾಗ, 'ಎಲ್ಲರೂ ಚೆನ್ನಾಗಿದ್ದಾರೆಯೇ?' ಎಂದು ಕೇಳಿ ನಿಲ್ಲಿಸಬೇಡಿರಿ. 'ನೀನು ಹೇಗಿದ್ದೀಯಮ್ಮ?' ಎಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿರಿ. ಉತ್ತರ ಬರುವುದು ತಡವಾದರೂ ಕಾದಿರಿ. ಶಾಲೆಯಲ್ಲಿರುವ ಮಗಳು ಓದಿನಲ್ಲಿ ಹಿಂದೆಬಿದ್ದು ಮಾತು ಕಡಿಮೆ ಮಾಡಿದರೆ, ಸೋಮಾರಿಯೆಂದು ಗದರಿಸುವ ಮೊದಲು ಅವಳ ನಿದ್ರೆಯನ್ನೂ ಊಟವನ್ನೂ ಗಮನಿಸಿರಿ. ಉಪಾಧ್ಯಾಯಿನಿಯರೊಡನೆ ಸಂಕೋಚವಿಲ್ಲದೆ ಮಾತಾಡಿರಿ.

ಅಕ್ಷರ ಕಲಿತ ಹೆಣ್ಣುಮಗಳು ತನ್ನ ಹೆಸರನ್ನು ತಾನೇ ಬರೆಯಬಲ್ಲವಳಾದಳು, ಲೆಕ್ಕವನ್ನು ತಾನೇ ನೋಡಬಲ್ಲವಳಾದಳು. ತನ್ನ ನೋವನ್ನು ತಾನೇ ಹೇಳಬಲ್ಲವಳೂ ಆದಾಗ, ಅದನ್ನು ಕೇಳುವ ಕಿವಿಗಳು ಅವಳ ಸುತ್ತಲೂ ಇದ್ದಾಗ, ಆ ವಿದ್ಯೆ ಪೂರ್ಣವಾಯಿತೆಂದು ನಾವು ಭಾವಿಸುತ್ತೇವೆ.