ಗಟ್ಟಿ ನೆಲವೆಂಬ ಹುಸಿ ನಂಬಿಕೆ

2025ರ ಫೆಬ್ರವರಿ 17ರ ಬೆಳಗಿನ ಜಾವ 5.36ಕ್ಕೆ ದೆಹಲಿ ನಡುಗಿತು. ಕಂಪನದ ಕೇಂದ್ರ ನಮ್ಮ ಧೌಲಾ ಕುವಾದ ಬಳಿ, ಆಳ ಕೇವಲ ಐದು ಕಿಲೋಮೀಟರ್. ಪ್ರಮಾಣ 4 ಅಷ್ಟೆ. ಆದರೆ ಕಾಲ ಕೆಳಗೇ ಆದದ್ದರಿಂದ ಸದ್ದು ಜೋರಾಗಿತ್ತು. ಆ ವಾರವೆಲ್ಲ ನಮ್ಮವರು ನಾಲ್ಕು ಮಂದಿ ಸೇರಿದಲ್ಲಿ ಒಂದೇ ಮಾತು: "ನಿವೃತ್ತಿಯಾದ ಕೂಡಲೇ ಊರಿಗೆ ಹೋಗಿಬಿಡಬೇಕು ಕಣ್ರೀ. ನಮ್ಮ ಕಡೆ ಈ ಕಾಟವಿಲ್ಲ. ದಖನ್ನಿನದು ಬಂಡೆಯ ನೆಲ, ಕೋಟ್ಯಂತರ ವರ್ಷ ಹಳೆಯದು, ಅಲುಗುವುದಿಲ್ಲ." ಹೀಗೆ ಹೇಳಿದವರಲ್ಲಿ ಇಂಜಿನಿಯರರೂ ಇದ್ದರು, ಮಕ್ಕಳಿಗೆ ಭೂಗೋಳ ಕಲಿಸಿದ ಮೇಷ್ಟರೂ ಇದ್ದರು. ಈ ಮಾತು ತಪ್ಪು ಮಾತ್ರವಲ್ಲ, ಜೀವಕ್ಕೆ ಎರವಾಗುವಂಥದು ಎಂಬುದೇ ನನ್ನ ತಕರಾರು.

ನಾನೇನೂ ವಿಜ್ಞಾನಿಯಲ್ಲ. ಬಿ.ಎಸ್‌ಸಿ.ಯಲ್ಲಿ ಭೂಗರ್ಭಶಾಸ್ತ್ರ ಓದಿ, ಕೇಂದ್ರ ಸರಕಾರದ ಕಡತಗಳ ನಡುವೆ ತಲೆ ನರೆಸಿಕೊಂಡ ಗುಮಾಸ್ತ. ಆದರೆ ಕಡತ ನೋಡುವವನಿಗೆ ಗೊತ್ತಿರುವ ಒಂದು ಸಂಗತಿಯುಂಟು. ಮಡಿಚಿಟ್ಟ ಹಳೆಯ ನಕ್ಷೆ ಹರಿಯುವುದು ಮಡಿಕೆಯ ಗೆರೆಯಲ್ಲೇ. ಕಾಗದ ಎಷ್ಟು ದಪ್ಪವಾದರೂ ಅಷ್ಟೆ. ಭೂಮಿಯ ತೊಗಟೆಯೂ ಹಾಗೆಯೇ. ಹಳೆಯ ಶಿಲೆಯೆಂದರೆ ಒಡೆಯದ ಶಿಲೆಯೆಂದಲ್ಲ. ಹೆಚ್ಚು ಕಾಲ ಬಾಳಿದ್ದರಿಂದಲೇ ಅದು ಹೆಚ್ಚು ಸಲ ಮುರಿದಿದೆ, ಹೆಚ್ಚು ಸಲ ಬೆಸೆದುಕೊಂಡಿದೆ. ಬೆಸುಗೆಯ ಗುರುತು ಒಳಗೇ ಉಳಿದಿದೆ. ಭಾರತವನ್ನು ಹೊತ್ತ ಚಿಪ್ಪು ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಂತೆ ಉತ್ತರದತ್ತ ಸರಿಯುತ್ತಿದೆ. ಹಿಮಾಲಯ ಅದರಲ್ಲಿ ಎರಡು ಸೆಂಟಿಮೀಟರಿನಷ್ಟನ್ನು ನುಂಗಿಕೊಳ್ಳುತ್ತದೆ. ಆದರೆ ಆ ಡಿಕ್ಕಿಯ ಒತ್ತಡ ಹಿಮಾಲಯದ ಬುಡದಲ್ಲೇ ನಿಲ್ಲುವುದಿಲ್ಲ, ಇಡೀ ಪರ್ಯಾಯ ದ್ವೀಪಕ್ಕೆ ತಟ್ಟುತ್ತದೆ. ತಟ್ಟಿದಾಗ ಜಾರುವುದು ಹಳೆಯ ಗೆರೆಗಳೇ.

ಕಚ್ಛವನ್ನು ನೋಡಿ. ಗೊಂಡ್ವಾನವೆಂಬ ಮಹಾಖಂಡ ಒಡೆಯುತ್ತಿದ್ದ ಕಾಲದಲ್ಲಿ, ಹದಿನೈದು ಕೋಟಿ ವರ್ಷಗಳಿಗೂ ಹಿಂದೆ, ಅಲ್ಲಿನ ನೆಲವನ್ನು ಎರಡೂ ಕಡೆಯಿಂದ ಎಳೆದಂತಾಗಿ ಬಿರುಕು ಬಿಟ್ಟು ತಗ್ಗಾಯಿತು, ಸಮುದ್ರ ನುಗ್ಗಿತು. ಆಮೇಲೆ ಎಳೆತ ನಿಂತು, ಹಿಮಾಲಯದ ಡಿಕ್ಕಿಯ ಒತ್ತಡ ಬಂತು. ಹೊಸ ಬಿರುಕು ಹುಟ್ಟಬೇಕಾಗಲಿಲ್ಲ; ಅಂದು ಕೆಳಕ್ಕೆ ಜಾರಿದ್ದ ಹೋಳುಗಳು ಅದೇ ಬಿರುಕುಗಳ ಗುಂಟ ಮೇಲಕ್ಕೇರತೊಡಗಿದವು. 1819ರಲ್ಲಿ ಅಲ್ಲಾ ಬಂಡ್ ಎಂಬ ದಿಬ್ಬವೇ ಎದ್ದು ನಿಂತಿತು. 2001ರ ಗಣರಾಜ್ಯೋತ್ಸವದ ದಿನ ಭುಜ್ ನೆಲಸಮವಾಯಿತು. ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಚಿಪ್ಪಿನ ಅಂಚು ಅಲ್ಲಿಂದ ಇನ್ನೂ ದೂರವೇ ಇದೆ.

"ಅದು ಗುಜರಾತು, ನಮಗೇನು?" ಎನ್ನುವವರಿಗೆ ಕಿಲ್ಲಾರಿಯ ನೆನಪು ಮಾಡಿಕೊಡಬೇಕು. 1993ರ ಸೆಪ್ಟೆಂಬರ್ 30. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದವು. ಪ್ರಮಾಣ 6.2. ಹಿಮಾಲಯದ ಲೆಕ್ಕದಲ್ಲಿ ಇದೇನೂ ದೊಡ್ಡದಲ್ಲ. ಆದರೂ ಸತ್ತವರು ಎಂಟು ಸಾವಿರದ ಆಸುಪಾಸೋ ಹತ್ತು ಸಾವಿರದ ಹತ್ತಿರವೋ ಎಂದು ಲೆಕ್ಕಗಳು ಇಂದಿಗೂ ಜಗಳವಾಡುತ್ತವೆ. ಅಂದಿನ ಭೂಕಂಪ ವಲಯದ ನಕ್ಷೆಯಲ್ಲಿ ಆ ಸೀಮೆ ಒಂದನೆಯ ವಲಯ, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ್ದು! 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವೆಂಬುದನ್ನೇ ಅಳಿಸಿಹಾಕಿದರು. ಸಾವಿರಾರು ಹೆಣ ಬಿದ್ದು ಒಂಬತ್ತು ವರ್ಷಕ್ಕೆ ಕಡತ ಸರಿಯಿತು.

ಕಿಲ್ಲಾರಿಯಲ್ಲಿ ಆಮೇಲೆ ಕೊಳವೆ ಕೊರೆದು ನೋಡಿದರು. ಮೇಲಿನ ಕಪ್ಪು ಬಸಾಲ್ಟಿನ ಹಾಸು ಸುಮಾರು 340 ಮೀಟರ್; ಅದು ಆರೂವರೆ ಕೋಟಿ ವರ್ಷದ ಹಿಂದಿನ ಲಾವಾ. ಅದರ ಕೆಳಗೆ ಇನ್ನೂರೈವತ್ತು ಕೋಟಿ ವರ್ಷದಷ್ಟು ಹಳೆಯ ಶಿಲೆ, ನಮ್ಮ ಧಾರವಾಡ ಸೀಮೆಯ ತಳಗಲ್ಲಿನ ಬಳಗದ್ದೇ. ನೆಲದ ಮೇಲೆ ನಿಂತವನಿಗೆ ಕಾಣುವುದು ಲಾವಾದ ಚಾಪೆ ಮಾತ್ರ. ಚಾಪೆಯ ಕೆಳಗೆ ಯಾವ ಬಿರುಕು ಎತ್ತ ಹೋಗಿದೆಯೆಂದು ಮೇಲೆ ನಿಂತು ಹೇಳುವುದು ಹೇಗೆ? ಕಾಣದ್ದನ್ನು ಇಲ್ಲವೆಂದು ಬರೆದುಕೊಂಡದ್ದೇ ಅಂದಿನ ಅನರ್ಥ. ಈ ಕಿಲ್ಲಾರಿ ನಮ್ಮ ಬಸವಕಲ್ಯಾಣಕ್ಕೆ ದೂರವೇನಲ್ಲ. 2021ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದ ಜನ ಸಣ್ಣಪುಟ್ಟ ನಡುಕಗಳಿಗೆ ಹೆದರಿ ಮನೆಯ ಹೊರಗೆ ಮಲಗಿದ್ದೂ ನಮ್ಮ ರಾಜ್ಯದಲ್ಲೇ.

ಮುಂಬಯಿ, ಪುಣೆಯ ಬಂಧುಗಳು ಕೊಯ್ನಾದ ಮಾತು ತೆಗೆಯುತ್ತಾರೆ. 1967ರ ಡಿಸೆಂಬರ್ 11ರ ಆ ಕಂಪನಕ್ಕೆ ಅಣೆಕಟ್ಟೇ ಕಾರಣ ಎಂದು ಒಂದು ಪಕ್ಷ, ಅಣೆಕಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಇನ್ನೊಂದು. ಜಲಾಶಯದ ನೀರು ಬಿರುಕನ್ನು ಸೃಷ್ಟಿಸಲಿಲ್ಲ. ಆಗಲೇ ಇದ್ದ, ಜಾರುವ ಹಂತಕ್ಕೆ ಬಂದಿದ್ದ ಬಿರುಕಿಗೆ ನೀರಿನ ಒತ್ತಡ ಕಡೆಯ ತಳ್ಳು ಕೊಟ್ಟಿತು. ಎರಡು ಪಕ್ಷಗಳೂ ಅರ್ಧರ್ಧ ಸತ್ಯ ಹಿಡಿದುಕೊಂಡು ಕೂತಿವೆ.

ಇನ್ನು ದೆಹಲಿಗೆ ಬರೋಣ. ನಾವು ಬೆಳಗ್ಗೆ ವಾಯುವಿಹಾರಕ್ಕೆ ಹೋಗುವ ರಿಜ್, ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡ, ಇವು ಅರಾವಳಿಯ ಬಾಲ. ನೂರು ಕೋಟಿ ವರ್ಷಕ್ಕೂ ಹಿಂದೆ ಮಡಿಕೆ ಬಿದ್ದ ಪರ್ವತದ ಸವೆದ ಎಲುಬು. ಅದು ಇಲ್ಲಿಗೇ ಮುಗಿಯುವುದಿಲ್ಲ; ಗಂಗೆ ಯಮುನೆಯರ ಮೆಕ್ಕಲು ಮಣ್ಣಿನಡಿ ಹರಿದ್ವಾರದತ್ತ ಏಣಿನಂತೆ ಸಾಗುತ್ತದೆ. ಹಿಮಾಲಯದ ಕೆಳಗೆ ಜಾರುತ್ತಿರುವ ಭಾರತದ ಚಿಪ್ಪು ನಯವಾದ ಹಲಗೆಯಲ್ಲ, ಇಂಥ ಏಣು ತಗ್ಗುಗಳನ್ನು ಬೆನ್ನಮೇಲೆ ಹೊತ್ತೇ ಒಳಸೇರುತ್ತದೆ. ಹಿಮಾಲಯದ ಮಹಾಕಂಪನಗಳು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತವೆಂಬುದರಲ್ಲಿ ಈ ಅಡ್ಡ ಏಣುಗಳ ಪಾತ್ರವಿದೆಯೆಂದು ಹಲವು ಭೂವಿಜ್ಞಾನಿಗಳು ವಾದಿಸುತ್ತಾರೆ. ಹಿಮಾಲಯದ ಪದರಗಳಾದರೂ ಎಲ್ಲಿಂದ ಬಂದವು? ಅವುಗಳಲ್ಲಿ ಬಹುಪಾಲು ಟೆಥಿಸ್ ಸಮುದ್ರದ ದಂಡೆಯಾಗಿದ್ದ ಭಾರತದ ಹಳೆಯ ಅಂಚೇ. ಅಂದಿನ ಪದರಗಳಲ್ಲಿ ಯಾವುದು ಮೆತ್ತಗಿತ್ತೋ ಅದರ ಮೇಲೆ ಇಂದಿನ ಬೆಟ್ಟ ಜಾರುತ್ತದೆ. ಅತಿ ಎಳೆಯದೆಂದು ನಾವು ಓದಿದ ಪರ್ವತವೂ ಅಜ್ಜನ ಆಸ್ತಿಯ ಮೇಲೆಯೇ ಎದ್ದದ್ದು, ಅಜ್ಜನ ಸಾಲವನ್ನೂ ಹೊತ್ತು.

ಪ್ರತಿವಾದಿಗಳ ಒಂದು ಮಾತನ್ನು ಒಪ್ಪುತ್ತೇನೆ. ದಖನ್ನಿನಲ್ಲಿ ಕಂಪನಗಳು ವಿರಳ. ಹಿಮಾಲಯದಷ್ಟು ದೊಡ್ಡವೂ ಆಗುವುದಿಲ್ಲ. ಒಂದೇ ಬಿರುಕು ಎರಡನೆಯ ಸಲ ಜಾರಲು ಸಾವಿರಾರು ವರ್ಷ ಹಿಡಿಯಬಹುದು. ಆದರೆ ಈ ವಿರಳತೆಯೇ ಕೊಲ್ಲುವುದು. ಪದೇಪದೇ ನಡುಗುವ ಕಾಶ್ಮೀರ, ಅಸ್ಸಾಮುಗಳಲ್ಲಿ ಹಿಂದಿನವರು ಮರದ ಚೌಕಟ್ಟಿನ ಹಗುರ ಮನೆ ಕಟ್ಟಲು ಕಲಿತರು. ನಮ್ಮಲ್ಲಿ ಅಜ್ಜನಿಗೂ ನೆನಪಿಲ್ಲ, ಮುತ್ತಜ್ಜನಿಗೂ ನೆನಪಿರಲಿಲ್ಲ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕೂರಿಸಿದ ಕಾಡುಗಲ್ಲಿನ ದಪ್ಪ ಗೋಡೆ, ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಬೇಸಗೆಗೆ ತಂಪು, ಕಳ್ಳರಿಗೆ ಅಭೇದ್ಯ. ನಡುಗಿದಾಗ ಗೋಡೆಯ ಒಳಮುಖ ಒಂದು ಕಡೆ, ಹೊರಮುಖ ಒಂದು ಕಡೆ. ನಡುವೆ ಮಾಳಿಗೆ ಮಲಗಿದವರ ಮೇಲೆ.

ಬೀದರ, ಕಲಬುರಗಿ, ವಿಜಯಪುರದ ಕಡೆ ನಮ್ಮಲ್ಲಿ ಎಷ್ಟು ಮಂದಿಯ ತಾಯಿತಂದೆ ಇಂದಿಗೂ ಅಂಥದೇ ಮನೆಯಲ್ಲಿ ಮಲಗುತ್ತಾರೆ? ನಾವು ಕಳಿಸುವ ಹಣ ಬಣ್ಣಕ್ಕೆ, ಗೇಟಿಗೆ, ನೆಲದ ಟೈಲ್ಸಿಗೆ ಹೋಗುತ್ತದೆ. ತಳಪಾಯ, ಬಾಗಿಲಿನ ಮೇಲ್ಮಟ್ಟ, ಸೂರಿನ ಮಟ್ಟಗಳಲ್ಲಿ ಮನೆಯ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಬಿಗಿಯಬೇಕು. ಗೋಡೆಯ ಎರಡೂ ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲು ಅಲ್ಲಲ್ಲಿ ಇಡಬೇಕು. ಭಾರತೀಯ ಮಾನಕ ಬ್ಯೂರೋ ಕಲ್ಲುಮಣ್ಣಿನ ಮನೆಗಳಿಗಾಗಿಯೇ ಈ ಸೂಚನೆಗಳನ್ನು ಕಿಲ್ಲಾರಿ ಬಿದ್ದ ಆ 1993ರಲ್ಲೇ ಅಚ್ಚು ಹಾಕಿಸಿತು. ಊರಿನ ಯಾವ ಮೇಸ್ತ್ರಿಯ ಕೈಗೆ ಅದು ತಲುಪಿದೆ? "ನಮ್ಮದು ಗಟ್ಟಿ ನೆಲ ಸಾಹೇಬ್ರೆ, ಅದೆಲ್ಲ ಬೇಡ" ಎಂಬ ಉತ್ತರವೇ ಎಲ್ಲೆಡೆ ಸಿಗುವುದು. ಆ ಉತ್ತರವನ್ನು ಅವನಿಗೆ ಕಲಿಸಿದವರು ನಮ್ಮಂಥ ಓದಿದವರೇ.

ಈ ದೀಪಾವಳಿಗೆ ಊರಿಗೆ ಹೋಗುವವರು ಒಮ್ಮೆ ಏಣಿ ಹಾಕಿ ಮಾಳಿಗೆ ಹತ್ತಿ, ವರ್ಷವರ್ಷವೂ ಹೊಸ ಮಣ್ಣು ಬಿದ್ದು ಅದೀಗ ಎಷ್ಟು ದಪ್ಪವಾಗಿದೆಯೆಂದು ಅಳೆದು ನೋಡಿ. ಒಂದೂವರೆ ಅಡಿ ದಾಟಿದ್ದರೆ ಬಣ್ಣದ ಮಾತು ಬಿಟ್ಟು, ಮೊದಲು ಆ ಭಾರ ಇಳಿಸುವ ಆಳು ಹುಡುಕಿ.